ಅರಿವು ಆಚಾರವಾಗುವ ಬಗೆ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಪರಿಸರವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ ನಾನು ತುಸು ಹಿಂಜರಿದೆ. ವ್ಯಾಕರಣ, ಛಂದಸ್ಸು, ಹಳಗನ್ನಡ ಕಾವ್ಯಗಳಲ್ಲಿ ಆಯುಷ್ಯವನ್ನು ಕಳೆದ ಪಂಡಿತನೊಬ್ಬನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂಬ ಶಂಕೆ ಬಾಧಿಸಿತು. ಆದರೆ ಕಳೆದ ಜೂನ್ 5ರಂದು ನಡೆದ ಒಂದು ಚಿಕ್ಕ ಪ್ರಸಂಗವು ಆ ಶಂಕೆಯನ್ನು ಬದಿಗಿರಿಸಿ ಲೇಖನಿಯನ್ನು ಹಿಡಿಯುವಂತೆ ಮಾಡಿತು.

ಅಂದು ವಿಶ್ವ ಪರಿಸರ ದಿನದ ನಿಮಿತ್ತ ನಮ್ಮ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಏರ್ಪಟ್ಟಿತ್ತು. ತೀರ್ಪುಗಾರನು ನಾನೇ. ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಜಲಸಂರಕ್ಷಣೆಯ ಮೇಲೆ ನಿರ್ದುಷ್ಟವಾದ ಭಾಷೆಯಲ್ಲಿ ನಾಲ್ಕು ಪುಟಗಳನ್ನು ಬರೆದಿದ್ದನು. ಪ್ರಥಮ ಬಹುಮಾನವನ್ನು ಅವನಿಗೇ ಕೊಟ್ಟೆವು. ಸಂಜೆ ಪ್ರಸಾದನಿಲಯದ ಕಡೆಗೆ ಹೋಗುತ್ತಿರುವಾಗ ಅವನನ್ನು ಕರೆದು, "ನೀನು ಸ್ನಾನ ಮಾಡುವ ನೀರು ಎಲ್ಲಿಂದ ಬರುತ್ತದಪ್ಪಾ?" ಎಂದು ಕೇಳಿದೆ. "ಟ್ಯಾಂಕಿನಿಂದ, ಗುರುಗಳೇ" ಎಂದನು. "ಟ್ಯಾಂಕಿಗೆ?" "ಬೋರಿನಿಂದ." "ಬೋರಿಗೆ?" ಹುಡುಗನು ಉತ್ತರಿಸಲಿಲ್ಲ. "ಊರ ಕೆರೆಯನ್ನು ನೋಡಿರುವೆಯಾ?" ಎಂದೆ. "ನೋಡಿದ್ದೇನೆ ಗುರುಗಳೇ, ಸಂತೆಯ ದಿನ ಲಾರಿಗಳನ್ನು ನಿಲ್ಲಿಸುತ್ತಾರಲ್ಲ, ಅದೇ ಅಲ್ಲವೆ?" ಎಂದು ಮುಗ್ಧವಾಗಿ ಹೇಳಿದನು.

ತಪ್ಪು ಆ ಬಾಲಕನದಲ್ಲ. ಅವನಿಗೆ ಪಾಠ ಹೇಳಿದವನು ನಾನು. ಮೂರು ದಶಕಗಳ ಕಾಲ ಈ ವಿಷಯದ ಮೇಲೆ ಪ್ರಬಂಧಗಳನ್ನು ಬರೆಯಿಸಿ, ತಿದ್ದಿ, ಅಂಕ ಹಾಕಿದವನು ನಾನು. ಅಂದಿನ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆಯನ್ನೇ ಈಗ ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ. ನೆಲಜಲಗಳನ್ನು ಕೆಡಿಸದೆ ಬಾಳುವ ಪದ್ಧತಿಯನ್ನು ಒಂದು ಸಮಾಜವು ಮೈಗೂಡಿಸಿಕೊಳ್ಳುವುದು ಹೇಗೆ? ಕೇವಲ ತಿಳಿಯುವುದರಿಂದ ಅದು ಸಾಧ್ಯವೆ?

ಅರಿವಿನ ಕೊರತೆ ಇಂದು ನಮಗಿಲ್ಲ. 1972ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯು ಮಾನವ ಪರಿಸರದ ಮೇಲೆ ಸಮ್ಮೇಳನವನ್ನು ನಡೆಸಿತು. ಅದರ ಸ್ಮರಣೆಗಾಗಿಯೇ ಜೂನ್ 5ರ ಆಚರಣೆ ಬಂದಿತು. 1976ರಲ್ಲಿ ನಮ್ಮ ಸಂವಿಧಾನಕ್ಕೆ ಮಾಡಿದ 42ನೆಯ ತಿದ್ದುಪಡಿಯು ಅರಣ್ಯ, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರ ವಿಷಯವನ್ನು ವಿದ್ಯಾಲಯಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ಹೀಗೆ ಪರಿಸರವು ದಿನಾಚರಣೆಯಾಯಿತು, ಕರ್ತವ್ಯವಾಯಿತು, ಪಠ್ಯವಾಯಿತು, ಅಂಕವೂ ಆಯಿತು. ಆಚಾರ ಮಾತ್ರ ಆಗಲಿಲ್ಲ. ಅರಿವು ಒಂದು ದಡದಲ್ಲಿ, ಆಚಾರ ಇನ್ನೊಂದು ದಡದಲ್ಲಿ ನಿಂತಿವೆ. ಇವೆರಡರ ನಡುವಣ ಸೇತುವೆ ಯಾವುದು ಎಂಬುದೇ ವಿಚಾರ್ಯ ವಿಷಯ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬಯಲುಸೀಮೆಯ ಕೆರೆಗಳೇ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ಸ್ಯಾಂಕಿಯು, ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಸ್ಥಳವನ್ನು ಹುಡುಕುವುದೇ ದುಸ್ತರವೆಂಬಷ್ಟು ಕೆರೆಗಳಿರುವುದನ್ನು ಕಂಡು ಬೆರಗಾಗಿದ್ದನು. ಇಂದಿಗೂ ಕರ್ನಾಟಕದ ಕೆರೆಗಳ ಲೆಕ್ಕವು ಸುಮಾರು 36,000 ಎನ್ನುತ್ತಾರೆ. ಇವುಗಳನ್ನೆಲ್ಲ ಯಾರೋ ಒಬ್ಬ ಮಹಾರಾಜನು ಒಂದು ಆಜ್ಞೆಯಿಂದ ಕಟ್ಟಿಸಿದ್ದಲ್ಲ. ಅರಸರು, ದಂಡನಾಯಕರು, ಗೌಡರು, ವರ್ತಕರು, ವೇಶ್ಯೆಯರು, ವಿಧವೆಯರು, ಒಕ್ಕಲಿನವರು ಕಟ್ಟಿಸಿದ್ದಾರೆ. ಕಟ್ಟುವುದಕ್ಕಿಂತ ದೊಡ್ಡ ಸಾಹಸವೆಂದರೆ ಕಟ್ಟಿದ್ದನ್ನು ನೂರಾರು ವರ್ಷ ಉಳಿಸಿಕೊಂಡದ್ದು. ಅದು ಹೇಗೆ ಸಾಧ್ಯವಾಯಿತು?

ಶಾಸನಗಳನ್ನು ಓದಿದವನಿಗೆ ಮೂರು ಆಧಾರಗಳು ಕಾಣುತ್ತವೆ.

ಮೊದಲನೆಯದು ಪುಣ್ಯ. ಕೆರೆ ಕಟ್ಟಿಸುವುದು ದೇಗುಲವನ್ನು ಕಟ್ಟಿಸುವುದಕ್ಕೆ ಸಮನಾದ ಧರ್ಮವಾಗಿತ್ತು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ, ತಾಯಿಯು ಹಾಲೂಡಿಸುವಾಗಲೇ ಕೂಸಿನ ಕಿವಿಯಲ್ಲಿ ಕೆರೆ ಬಾವಿಗಳನ್ನು ಮಾಡಿಸುವಂತೆ ಉಪದೇಶಿಸಿದಳೆಂಬ ಮಾತಿದೆ. ಕನ್ನಡ ವಿದ್ವಾಂಸರೆಲ್ಲರಿಗೂ ಪ್ರಿಯವಾದ ಸಂಗತಿಯಿದು. ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವು ತಟ್ಟಲೆಂಬ ಶಾಪವೂ ಶಾಸನಗಳ ಕೊನೆಯಲ್ಲಿ ಇರುತ್ತಿತ್ತು.

ಎರಡನೆಯದು ಭೂಮಿ. ನಮ್ಮ ಹಿರಿಯರು ಪುಣ್ಯವೊಂದನ್ನೇ ನಂಬಿ ಕುಳಿತವರಲ್ಲ. ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂದು ಶಾಸನಗಳಲ್ಲಿ ಬರುವ ಮಾತುಗಳು ಕೆರೆಯ ನಿರ್ವಹಣೆಗಾಗಿ ಬಿಟ್ಟ ಭೂಮಿ ಅಥವಾ ಆದಾಯದ ಹೆಸರುಗಳು. ಹೂಳನ್ನು ತೆಗೆಯುವುದಕ್ಕೆ, ಏರಿಯನ್ನು ಬಲಪಡಿಸುವುದಕ್ಕೆ, ತೂಬನ್ನು ದುರಸ್ತಿ ಮಾಡುವುದಕ್ಕೆ ವರ್ಷವರ್ಷವೂ ತಗಲುವ ವೆಚ್ಚವು ಕೆರೆಯ ನೀರಿನಿಂದಲೇ ಹುಟ್ಟಬೇಕೆಂಬುದು ಈ ವ್ಯವಸ್ಥೆಯ ತಿರುಳು.

ಮೂರನೆಯದು ಕಣ್ಣು. ನೀರುಗಂಟಿಯು ತೂಬನ್ನು ತೆರೆಯುವಾಗ ಅಚ್ಚುಕಟ್ಟಿನ ರೈತರೆಲ್ಲರೂ ನೋಡುತ್ತಿದ್ದರು. ಬರದ ವರ್ಷದಲ್ಲಿ ಯಾರ ಗದ್ದೆಗೆ ಎಷ್ಟು ನೀರೆಂಬುದು ಗುಟ್ಟಿನ ವಿಷಯವಾಗಿರಲಿಲ್ಲ. ಕದ್ದವನು ನೆರೆಯವನ ಕಣ್ಣಿಗೆ ಬೀಳುತ್ತಿದ್ದನು.

1369ರ ಪೋರುಮಾಮಿಳ್ಳ ಶಾಸನವು ಈ ಸಂದರ್ಭದಲ್ಲಿ ವಿಶೇಷವಾಗಿ ಸ್ಮರಣೀಯ. ಇಂದಿನ ಆಂಧ್ರಪ್ರದೇಶದಲ್ಲಿರುವ ಆ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಬುಕ್ಕರಾಯನ ಪುತ್ರನಾದ ಭಾಸ್ಕರನು. ದಿನಕ್ಕೆ ಸಾವಿರ ಆಳುಗಳು, ನೂರು ಬಂಡಿಗಳು ಎರಡು ವರ್ಷ ದುಡಿದ ವಿವರ ಅಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಆ ಶಾಸನ ಎಣಿಸುತ್ತದೆ. ಏರಿಯಿಂದ ನೀರು ಒಸರುವುದು, ಸವುಳು ಮಣ್ಣು ಮುಂತಾದ ದೋಷಗಳ ನಡುವೆ ಒಂದು ವಿಲಕ್ಷಣ ದೋಷವಿದೆ: ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು. ಇದು ಮಣ್ಣಿನ ದೋಷವಲ್ಲ, ನೀರಿನ ದೋಷವೂ ಅಲ್ಲ. ಇಬ್ಬರಿಗೂ ಸೇರಿದ್ದು ಯಾರಿಗೂ ಸೇರದೆ ಹಾಳಾಗುವುದೆಂಬ ಲೋಕಾನುಭವವನ್ನು ಆ ಕಾಲದ ಜಲಶಾಸ್ತ್ರಜ್ಞರು ಶಾಸ್ತ್ರವನ್ನಾಗಿ ಮಾಡಿದ್ದಾರೆ.

ಹಾಗೆಂದು ಗತಕಾಲವೆಲ್ಲ ಸುವರ್ಣಮಯವಾಗಿತ್ತೆಂದು ಹೇಳುವ ಹಟ ನನಗಿಲ್ಲ. 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯನ್ನು ತರಗತಿಯಲ್ಲಿ ಬೋಧಿಸುವಾಗಲೆಲ್ಲ ನನ್ನ ಕಂಠ ಕಟ್ಟುತ್ತದೆ. ಊರಿನ ಹಿತಕ್ಕಾಗಿ ಬಲಿಯಾದವಳು ಆ ಮನೆಯ ಕಿರಿಸೊಸೆ. ನಿರ್ಣಯಿಸಿದವರು ಬೇರೆ, ತೆತ್ತವಳು ಬೇರೆ. ಅದರಂತೆಯೇ ಅನೇಕ ಊರುಗಳಲ್ಲಿ ತೂಬನ್ನು ತೆರೆದು ಮುಚ್ಚಿ ಕೆರೆಯನ್ನು ಕಾದ ಮನೆತನದವರಿಗೆ ಊರ ಬಾವಿಯಿಂದ ಒಂದು ಕೊಡ ನೀರನ್ನು ಸೇದುವ ಹಕ್ಕಿರಲಿಲ್ಲ. 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿಯಬೇಕಾಗಿ ಬಂದಿತು. ಆ ಕೆರೆಯನ್ನು ಎಲ್ಲರಿಗೂ ತೆರೆದಿಡಬೇಕೆಂದು ಅಲ್ಲಿಯ ಪುರಸಭೆ ಮೊದಲೇ ನಿರ್ಣಯಿಸಿತ್ತು. ಆದರೆ ಕಾಗದದ ನಿರ್ಣಯವು ಜನರು ಕೆರೆಗೆ ನಡೆದುಹೋಗುವವರೆಗೆ ಕಾಗದವಾಗಿಯೇ ಉಳಿದಿತ್ತು. ಬಸವಾದಿ ಶರಣರ ಹೆಸರಿನಲ್ಲಿ ನಡೆಯುವ ಸಂಸ್ಥೆಯವರಾದ ನಾವು ಇದನ್ನು ಮರೆಯಬಾರದು. ಭಾರವು ಒಬ್ಬರಿಗೆ, ಫಲವು ಇನ್ನೊಬ್ಬರಿಗೆ ಎಂಬಲ್ಲಿ ಯಾವ ಸದಾಚಾರವೂ ಬಹುಕಾಲ ಬಾಳದು.

ಆ ವ್ಯವಸ್ಥೆ ಕುಸಿದದ್ದು ಹೇಗೆ? ಜನರು ಒಮ್ಮೆಗೇ ದುಷ್ಟರಾದರೆಂದು ಬಗೆಯುವುದು ತಪ್ಪು. ಮೂರು ಆಧಾರಗಳೂ ಒಂದೊಂದಾಗಿ ಸಡಿಲವಾದವು. ಕೆರೆಗಳ ಪಾಲನೆ ಊರಿನ ಕೈಯಿಂದ ಇಲಾಖೆಯ ಕೈಗೆ ಹೋಯಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯು ವಂಶಪಾರಂಪರ್ಯದ ಚಾಕರಿಯನ್ನು ಕೊನೆಗಾಣಿಸಿತು. ಅದು ನ್ಯಾಯವೇ ಆಗಿತ್ತು. ಆದರೆ ನೀರುಗಂಟಿ ಬಿಟ್ಟುಹೋದ ಸ್ಥಳದಲ್ಲಿ ಯೋಗ್ಯ ವೇತನವನ್ನು ಪಡೆಯುವ ಬೇರೊಬ್ಬನು ಬಂದು ನಿಲ್ಲಲಿಲ್ಲ. ಅನಂತರ ಕೊಳವೆಬಾವಿ ಬಂದಿತು. ಕೆರೆಯ ನೀರು ಎಲ್ಲರ ಕಣ್ಣಿಗೆ ಕಾಣುವಂಥದು. ಕೊಳವೆಬಾವಿಯ ನೀರು ಕೊರೆದವನ ಕಣ್ಣಿಗೂ ಕಾಣದು. ಎಷ್ಟಿದೆ, ಎಷ್ಟು ತೆಗೆದೆವು, ಯಾರದನ್ನು ತೆಗೆದೆವು ಎಂಬ ಪ್ರಶ್ನೆಗಳೇ ಹುಟ್ಟದಾದವು. ಯಾವನ ಹೊಲದಲ್ಲಿ ಸ್ವಂತ ಬೋರು ಇರುವುದೋ ಅವನಿಗೆ ಕೆರೆಯ ಹೂಳಿನ ಚಿಂತೆ ಏಕೆ? ಕೆರೆ ತುಂಬಿದರೆ ಮಾತ್ರ ಬೋರಿನ ಒರತೆಯೂ ತುಂಬುವುದೆಂಬ ಸಂಬಂಧ ಅವನಿಗೆ ತಿಳಿಯುವ ವೇಳೆಗೆ ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು. ಇಂದು 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಯದು, ಅದಕ್ಕೆ ಮೇಲ್ಪಟ್ಟದ್ದು ಸಣ್ಣ ನೀರಾವರಿ ಇಲಾಖೆಯದು. ದಂಡೆಯ ಮರ ಒಬ್ಬರ ಅಧೀನ, ಒತ್ತುವರಿಯ ಅಳತೆ ಮತ್ತೊಬ್ಬರ ಅಧೀನ. ಪೋರುಮಾಮಿಳ್ಳದ ಶಾಸನ ಹೇಳಿದ ಗಡಿದೋಷವು ರಾಜ್ಯಗಳಿಂದ ಕಚೇರಿಗಳಿಗೆ ಇಳಿದಿದೆ, ಅಷ್ಟೇ.

ಕೆಟ್ಟದ್ದು ಮರಳಿ ಸರಿಯಾದ ದೃಷ್ಟಾಂತಗಳೂ ಇವೆ. ಮಹಾರಾಷ್ಟ್ರದ ಅಹಮದನಗರ ಜಿಲ್ಲೆ ಬರಗಾಲಕ್ಕೆ ಹೆಸರಾದ ಸೀಮೆ. ಅದಕ್ಕೀಗ ಅಹಿಲ್ಯಾನಗರವೆಂದು ಹೆಸರು. ಅಲ್ಲಿ ಹಿವರೆ ಬಾಜಾರ ಎಂಬ ಹಳ್ಳಿಯಿದೆ. ಮಳೆ ವರ್ಷಕ್ಕೆ 400 ಮಿಲಿಮೀಟರಿನ ಆಸುಪಾಸು. ಗುಡ್ಡಗಳು ಬೋಳಾಗಿ, ಬಾವಿಗಳು ಬತ್ತಿ, ಜನರು ಊರು ಬಿಡುತ್ತಿದ್ದ ಕಾಲದಲ್ಲಿ, 1989ರಲ್ಲಿ ಪೋಪಟರಾವ್ ಪವಾರ ಎಂಬ ವಿದ್ಯಾವಂತ ತರುಣರನ್ನು ಸರಪಂಚರನ್ನಾಗಿ ಆರಿಸಿದರು. ಶ್ರಮದಾನದಿಂದ ಗುಡ್ಡಗಳ ಮೇಲೆ ಬದುಗಳಾದವು, ಮರಗಳನ್ನು ನೆಟ್ಟರು. ಇಷ್ಟೇ ಆಗಿದ್ದರೆ ಅದು ಇನ್ನೊಂದು ಕಾಮಗಾರಿಯಾಗಿ ಮುಗಿಯುತ್ತಿತ್ತು. ಆದರೆ ಆ ಗ್ರಾಮಸಭೆಯು ತನಗೆ ತಾನೇ ಕಟ್ಟಳೆಗಳನ್ನು ವಿಧಿಸಿಕೊಂಡಿತು. ಬೇಸಾಯಕ್ಕೆ ಕೊಳವೆಬಾವಿ ಕೂಡದು, ಮರ ಕಡಿಯಕೂಡದು, ದನಗಳನ್ನು ಗುಡ್ಡಕ್ಕೆ ಬಿಟ್ಟು ಮೇಯಿಸಕೂಡದು, ಕಬ್ಬು ಬಾಳೆಗಳಂಥ ನೀರುಂಗುವ ಬೆಳೆ ಕೂಡದು. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಆ ವರ್ಷ ಬಿದ್ದ ಮಳೆ, ಬಾವಿಗಳಲ್ಲಿ ನಿಂತ ನೀರು ಇವುಗಳ ಲೆಕ್ಕವನ್ನು ಹಾಕಿ, ನೀರಿನ ಆಯವ್ಯಯ ಪತ್ರವನ್ನು ಗ್ರಾಮಸಭೆಯ ಮುಂದಿಡುತ್ತಾರೆ. ಕುಡಿಯುವುದಕ್ಕೆ ಎಷ್ಟು, ದನಗಳಿಗೆ ಎಷ್ಟು, ಯಾವ ಬೆಳೆಗೆ ಎಷ್ಟು ಎಂಬುದು ಅಲ್ಲಿಯೇ ನಿಶ್ಚಯವಾಗುತ್ತದೆ. ಕಾಣದ ನೀರನ್ನು ಲೆಕ್ಕದ ಮೂಲಕ ಎಲ್ಲರ ಕಣ್ಣಿಗೆ ಮರಳಿ ಕಾಣಿಸಿದ್ದು ಆ ಹಳ್ಳಿಯ ದೊಡ್ಡ ಸಾಧನೆಯೆಂದು ನನ್ನ ಭಾವನೆ. ಹೋದವರು ಮರಳಿ ಊರಿಗೆ ಬಂದರು. ಪವಾರರಿಗೆ 2020ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು.

ಅರ್ಥಶಾಸ್ತ್ರದ ಅಧ್ಯಾಪಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ನನಗೆ ಎಲಿನಾರ್ ಆಸ್ಟ್ರಂ ಎಂಬ ಅಮೆರಿಕದ ವಿದುಷಿಯ ವಿಚಾರವನ್ನು ತಿಳಿಸಿಕೊಟ್ಟರು. ಸಾರ್ವಜನಿಕವಾದ ಗೋಮಾಳ, ಕಾಡು, ನೀರುಗಳು ಹಾಳಾಗುವುದು ಅನಿವಾರ್ಯವೆಂಬ ಮಾತನ್ನು ಆಕೆ ಒಪ್ಪದೆ, ಅನೇಕ ದೇಶಗಳಲ್ಲಿ ಜನರು ಅವುಗಳನ್ನು ತಾವೇ ಕಾಪಾಡಿಕೊಂಡಿರುವುದನ್ನು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಪ್ರಥಮ ಮಹಿಳೆಯೂ ಆದರು. ಅವರು ಹೇಳುವ ಒಂದು ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯದು. ಚಳಿಗಾಲದಲ್ಲಿ ತನ್ನ ಮನೆಯ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನೇ ಒಬ್ಬನು ಬೇಸಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕೆಂಬ ಕಟ್ಟಳೆಯನ್ನು ಆ ಹಳ್ಳಿಯವರು 1517ರಲ್ಲಿಯೇ ಮಾಡಿಕೊಂಡಿದ್ದರು. ನಿಯಮ ಸರಳ, ಅಳತೆ ಸುಲಭ, ನೋಡುವ ಕಣ್ಣು ನೆರೆಯವನದೇ. ಸಮುದ್ರಗಳಾಚೆಯ ಆ ಕಟ್ಟಳೆಗೂ ನಮ್ಮ ಬಿತ್ತುವಟ್ಟಕ್ಕೂ ಇರುವ ಸಾಮ್ಯವನ್ನು ಕಂಡು ನಾನು ಸಂತೋಷಪಟ್ಟೆ.

ಇಷ್ಟರಿಂದ ನಾನು ತಲಪಿದ ನಿರ್ಣಯವಿದು. ಸಮಾಜವು ಒಳ್ಳೆಯ ಪದ್ಧತಿಯನ್ನು ಸ್ವೀಕರಿಸುವುದು ಭಯದ ಭಾಷಣದಿಂದಲ್ಲ, ಬರಿಯ ಮಾಹಿತಿಯಿಂದಲೂ ಅಲ್ಲ. ಕರ್ತವ್ಯ, ಹಕ್ಕು, ಫಲ ಈ ಮೂರೂ ಒಂದೇ ಕೈಯಲ್ಲಿ ಕೂಡಿದಾಗ, ಹಿರಿಯರು ಮೊದಲು ತಾವು ಮಾಡಿ ತೋರಿಸಿದಾಗ, ಮಾಡಿದ್ದೂ ಮಾಡದಿದ್ದದ್ದೂ ಎಲ್ಲರಿಗೂ ಕಾಣುವಂತಿದ್ದಾಗ ಅರಿವು ಆಚಾರವಾಗುತ್ತದೆ.

ಇದಕ್ಕೆ ನಮ್ಮ ಪ್ರಸಾದನಿಲಯಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ನಾನು ಅಲ್ಲಿ ಸೇರಿದಾಗ ಅನ್ನವನ್ನು ಚೆಲ್ಲಬಾರದೆಂದು ಯಾರೂ ಪಾಠ ಮಾಡಲಿಲ್ಲ, ಪ್ರಬಂಧವನ್ನೂ ಬರೆಯಿಸಲಿಲ್ಲ. ಪಂಕ್ತಿಯಲ್ಲಿ ನಮ್ಮೊಡನೆ ಕುಳಿತ ಗುರುಗಳು ತಟ್ಟೆಯಲ್ಲಿ ಒಂದಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿದು ಏಳುತ್ತಿದ್ದರು. ನಾವು ನೋಡಿದೆವು, ಮಾಡಿದೆವು. ಇಂದು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ದೊಡ್ಡ ಹುದ್ದೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಸಾಲುಗಳನ್ನು ಓದುತ್ತಿದ್ದರೆ ತಮ್ಮ ಕೈಯನ್ನು ಎದೆಯ ಮೇಲಿಟ್ಟು ಹೇಳಲಿ: ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವುದು ಇಂದಿಗೂ ಅವರಿಂದ ಸಾಧ್ಯವೆ? ಅನ್ನದ ವಿಷಯದಲ್ಲಿ ನಾವು ಗೆದ್ದೆವು. ನೀರಿನ ವಿಷಯದಲ್ಲಿ ಸೋತೆವು. ಅನ್ನವನ್ನು ಪ್ರಸಾದವೆಂದು ಬಗೆದವರು ನೀರನ್ನು ನಲ್ಲಿಯೆಂದು ಬಗೆದದ್ದೇ ಅದಕ್ಕೆ ಕಾರಣ.

ಈಗ ಬರೆಯಬೇಕಾದ ಮಾತು ಕಹಿಯಾದುದು. ಸುಮಾರು ಹನ್ನೆರಡು ವರ್ಷಗಳ ಹಿಂದೆ ನಮ್ಮ ಆಟದ ಬಯಲನ್ನು ವಿಸ್ತರಿಸುವ ಪ್ರಸ್ತಾಪ ಬಂದಿತು. ಬಯಲಿನ ಪಡುವಣ ಅಂಚಿನಲ್ಲಿ ಗುಡ್ಡದ ಮಳೆನೀರನ್ನು ಊರ ಕೆರೆಗೆ ಒಯ್ಯುವ ಹಳೆಯ ಕಾಲುವೆಯೊಂದಿತ್ತು. ಸಭೆಯಲ್ಲಿ ನಾವೆಲ್ಲ ಕೈಯೆತ್ತಿದೆವು. ನಾನೂ ಎತ್ತಿದೆ. ಗರಸು ತುಂಬಿದ ಲಾರಿಗಳು ಬಂದ ದಿನ ನಮ್ಮ ತೋಟದ ಕೆಲಸದ ಹಿರಿಯನೊಬ್ಬನು ನನ್ನ ಬಳಿಗೆ ಬಂದು, "ಸ್ವಾಮಿ, ಇದು ಕೆರೆಗೆ ನೀರು ಹೋಗೋ ದಾರಿ. ಮುಚ್ಚಬ್ಯಾಡ್ರಿ ಅಂತ ದೊಡ್ಡೋರಿಗೆ ನೀವಾದ್ರೂ ಹೇಳ್ರಿ" ಎಂದನು. ಆತನದು ನೀರುಗಂಟಿಯ ಮನೆತನ. ಮೂರು ತಲೆಮಾರಿನ ಜಲಶಾಸ್ತ್ರವು ಅಂದು ನನ್ನ ಮುಂದೆ ಕೈಕಟ್ಟಿ ನಿಂತಿತ್ತು. ಶಾಸನಗಳಲ್ಲಿ ಬಿತ್ತುವಟ್ಟದ ಅರ್ಥವನ್ನು ಹೇಳಬಲ್ಲ ಪಂಡಿತನು, "ನೋಡೋಣಪ್ಪ" ಎಂದು ತರಗತಿಗೆ ಹೊರಟುಹೋದನು. ಆ ಹಿರಿಯನು ಈಗಿಲ್ಲ. ಕೆರೆಯು ಅನಂತರ ಕೋಡಿ ಬಿದ್ದದ್ದನ್ನು ನಾನು ಕಂಡಿಲ್ಲ. ಕಾರಣಗಳು ಹಲವಿರಬಹುದು. ಅವುಗಳಲ್ಲಿ ಒಂದು ನಾವು.

ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆಯನ್ನು ತೋಡಿಸುತ್ತಿರುವಾಗ ಅಲ್ಲಮಪ್ರಭುಗಳು ಬಂದು, ಒಡ್ಡನೆಂದು ಕರೆದು ಅವನನ್ನು ಕೆಣಕುತ್ತಾರೆ. ಒಳಗಿನ ಅರಿವಿಲ್ಲದ ಹೊರಗಿನ ಕಾರ್ಯವು ಅಹಂಕಾರಕ್ಕೆ ದಾರಿಯೆಂಬುದು ಪ್ರಭುಗಳ ನಿಲುವು. ಇಂದು ಪ್ರಭುಗಳು ನಮ್ಮಲ್ಲಿಗೆ ಬಂದರೆ ಬೇರೆಯೇ ಪ್ರಶ್ನೆಯನ್ನು ಕೇಳಿಯಾರು. ಸಿದ್ಧರಾಮನಲ್ಲಿ ಕೆರೆಯಾದರೂ ಇತ್ತು. ಅರಿವನ್ನು ಮಾತ್ರ ಬರೆದು ಬಹುಮಾನ ಪಡೆಯುವ ನಮ್ಮಲ್ಲಿ ಏನಿದೆ?

ಆದಕಾರಣ ಗುರುಹಿರಿಯರ, ಆಡಳಿತ ಮಂಡಲಿಯ, ದಾನಿಗಳ ಮುಂದೆ ನಾಲ್ಕು ವಿಜ್ಞಾಪನೆಗಳನ್ನು ಇಡುತ್ತೇನೆ. ಒಂದು, ಆಟದ ಬಯಲಿನ ಕೆಳಗೆ ಮೋರಿಯನ್ನು ಹಾಕಿಸಿ ಮುಚ್ಚಿದ ಕಾಲುವೆಯನ್ನು ತೆರೆಯುವುದು. ಎರಡು, ಕೊಠಡಿಗಳಿಗೂ ಬಹುಮಾನಗಳಿಗೂ ಇರುವಂತೆ ಕೆರೆಗೂ ಒಂದು ದತ್ತಿಯನ್ನು ಸ್ಥಾಪಿಸಿ, ಅದರ ಬಡ್ಡಿಯಿಂದ ಪಂಚಾಯತಿಯ ಒಪ್ಪಿಗೆಯೊಡನೆ ಪ್ರತಿ ಬೇಸಗೆಯಲ್ಲಿ ಸಾಧ್ಯವಾದಷ್ಟು ಹೂಳನ್ನು ತೆಗೆಯಿಸುವುದು, ಕೆರೆಯನ್ನು ಕಾಯುವವನಿಗೆ ಗೌರವದ ವೇತನವನ್ನು ಕೊಡುವುದು. ಮೂರು, ಶ್ರಮದಾನದ ದಿನ ಮಕ್ಕಳ ಕೈಗೆ ಗುದ್ದಲಿ ಕೊಟ್ಟು ನಾವು ನೆರಳಿನಲ್ಲಿ ನಿಲ್ಲದೆ, ಮೊದಲ ಬುಟ್ಟಿಯನ್ನು ಅಧ್ಯಾಪಕರೂ ಮಂಡಲಿಯ ಸದಸ್ಯರೂ ಹೊರುವುದು. ನಾಲ್ಕು, ಕೆರೆಯಲ್ಲಿ ನಿಂತ ನೀರಿನ ಮಟ್ಟ, ನಮ್ಮ ಕೊಳವೆಬಾವಿಗಳ ಆಳ, ಪ್ರಸಾದನಿಲಯವು ವರ್ಷದಲ್ಲಿ ಬಳಸಿದ ನೀರು ಇವುಗಳನ್ನು ವಿದ್ಯಾರ್ಥಿಗಳಿಂದಲೇ ಅಳೆಯಿಸಿ, ವಾರ್ಷಿಕೋತ್ಸವದಲ್ಲಿ ಹಣದ ಲೆಕ್ಕಕ್ಕಿಂತ ಮೊದಲು ನೀರಿನ ಲೆಕ್ಕವನ್ನು ಓದುವುದು.

ಒಂದು ಶಾಲೆಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಆರುನೂರು ಮಕ್ಕಳಿಗೆ ನೀರು ಬೇಡವೆ, ಬೋರನ್ನು ಮುಚ್ಚಲಾದೀತೆ ಎನ್ನುವವರೂ ಇದ್ದಾರೆ. ಬೋರನ್ನು ಮುಚ್ಚಿರೆಂದು ನಾನು ಹೇಳುತ್ತಿಲ್ಲ. ಅದಕ್ಕೆ ನೀರು ಕೊಡುವ ಕೆರೆಯನ್ನು ತೆರೆಯಿರೆಂದು ಬೇಡುತ್ತಿದ್ದೇನೆ. ಇನ್ನು ಒಂದು ಶಾಲೆಯ ಮಾತು. ಮಠದ ಪಂಕ್ತಿಯಲ್ಲಿ ಕಲಿತ ಪದ್ಧತಿ ಸಾವಿರಾರು ಮನೆಗಳಿಗೆ ಹೋದದ್ದು ಯಾವ ಇಲಾಖೆಯ ಸುತ್ತೋಲೆಯಿಂದ? ಮಕ್ಕಳು ಹೊತ್ತುಕೊಂಡು ಹೋದರು, ಅಷ್ಟೇ.

ಕಾಯಕ, ದಾಸೋಹ ಎಂಬ ಎರಡು ಶಬ್ದಗಳನ್ನು ನಮ್ಮ ಸಂಸ್ಥೆಯ ಪ್ರತಿಯೊಂದು ಸಭೆಯಲ್ಲಿಯೂ ಕೇಳುತ್ತೇವೆ. ಕೆರೆಯ ಹೂಳನ್ನೆತ್ತುವುದು ಕಾಯಕ, ತುಂಬಿದ ಕೆರೆಯು ಭೇದವಿಲ್ಲದೆ ಎಲ್ಲರಿಗೂ ನೀರನ್ನೀಯುವುದು ದಾಸೋಹ. ಬರುವ ವರ್ಷ ಜೂನ್ 5ರಂದು ಪ್ರಬಂಧ ಸ್ಪರ್ಧೆಯ ತೀರ್ಪುಗಾರನಾಗಲು ನನ್ನನ್ನು ಕರೆಯಬೇಡಿರೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ಅಂದು ಬೆಳಗ್ಗೆ ಆರು ಗಂಟೆಗೆ ನಾನು ಆಟದ ಬಯಲಿನ ಪಡುವಣ ಅಂಚಿನಲ್ಲಿ ಗುದ್ದಲಿಯೊಡನೆ ಇರುತ್ತೇನೆ. ಬಹುಮಾನ ಪಡೆದ ಆ ಬಾಲಕನೂ ಬರುತ್ತೇನೆಂದು ಮಾತು ಕೊಟ್ಟಿದ್ದಾನೆ. ತಾವೂ ದಯಮಾಡಿಸಬೇಕು.